ಹೇಗೂ ಅಗೆಯುವ ಜಾಗದಲ್ಲಿ ಹುಲ್ಲು ಎಣಿಸುವುದೇಕೆ?

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ, ನನ್ನ ಕೆಲಸ ಏನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಹೇಗೂ ಗಣಿಗೆ ಹೋಗುವ ಜಾಗ. ಅಲ್ಲಿ ಬರೀ ಹುಲ್ಲು ಎಣಿಸಿದರೆ ಏನು ಬಂತು?" ಗಣಿ ಶುರುವಾಗುವ ಮುನ್ನ ಅಲ್ಲಿನ ಗೋಮಾಳದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಯಾವ ಹುಲ್ಲು, ಯಾವ ಗಿಡ ಎಷ್ಟಿದೆ ಎಂದು ದಾಖಲಿಸುವುದು ನನ್ನ ಕೆಲಸ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಆ "ಬರೀ" ಎಂಬ ಮಾತನ್ನು ಬಿಡಿ. ಅದೊಂದು ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಒಂದು ಮರ ಉರುಳಿದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಹುಲ್ಲುಗಾವಲು ಹೋದರೆ ಏನಾದರೂ ಹೋಯಿತೆಂದೇ ಯಾರಿಗೂ ಅನಿಸುವುದಿಲ್ಲ. ದೇಶದ ಬಂಜರು ಭೂಮಿಯ ಅಟ್ಲಾಸಿನಲ್ಲಿ ಕುರುಚಲು ನೆಲಕ್ಕೂ ಸೊರಗಿದ ಹುಲ್ಲುಗಾವಲಿಗೂ ಸಿಕ್ಕಿರುವುದು ಬಂಜರು ಎಂಬ ಹೆಸರೇ. ಆದರೆ ನಮ್ಮದೇ ರಾಜ್ಯದ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳ ಕಾಯ್ದಿಡಬೇಕು ಎನ್ನುತ್ತವೆ. ಬಂಜರನ್ನು ಯಾರಾದರೂ ದನಕ್ಕೆ ಲೆಕ್ಕ ಹಾಕಿ ಕಾಯ್ದಿಡುತ್ತಾರೆಯೇ?

ಸಂಡೂರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಗ ನಾನು ಈ ಕೆಲಸಕ್ಕೆ ಹೊಸಬಳು. ನನ್ನನ್ನು ಕಳುಹಿಸಿದ ಸಂಸ್ಥೆಗೆ ವರದಿ ಬೇಗ ಬೇಕಿತ್ತು. ಗಣಿಯ ಪರಿಸರ ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಯಾವುದಾದರೂ ಒಂದು ಋತುವಿನ ಮಾಹಿತಿ ಕೊಟ್ಟರೆ ಸಾಕು, ಮಾರ್ಚ್‌ನಿಂದ ಮೇವರೆಗಿನದೂ ನಡೆಯುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಗುಡ್ಡ ಹತ್ತಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟನ್ನು ನೆಲದ ಮೇಲಿಟ್ಟು ಅದರೊಳಗೆ ಏನಿದೆ ಎಂದು ಬರೆಯುವುದು ಕ್ರಮ. ಒಳಗೆ ಇದ್ದದ್ದು ಕುರಿ ಮೇದು ಉಳಿದ ಬುಡಗಳು, ಕೆಂಪು ಮಣ್ಣು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ. ಅರ್ಧ ಪುಟ ತುಂಬಲಿಲ್ಲ.

ಒಬ್ಬ ಮುದುಕ ಕುರಿಗಾಹಿ ಬಂಡೆಯ ನೆರಳಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. "ಏನು ಬರೆಯುತ್ತಿದ್ದೀಯಮ್ಮಾ?" ಎಂದ. "ಇಲ್ಲಿ ಯಾವ ಯಾವ ಹುಲ್ಲಿದೆ ಅಂತ, ತಾತ" ಎಂದೆ. ಅವನು ಹೆಗಲ ಮೇಲಿನ ಕಂಬಳಿಯನ್ನು ತೊಡೆಯ ಮೇಲೆ ಹರಡಿ, ಅದರ ನೂಲಿನೊಳಗೆ ಹೊಕ್ಕಿದ್ದ ಒಂದು ಕಪ್ಪು ಮುಳ್ಳಿನಂಥದನ್ನು ಉಗುರಿನಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟ. ತುದಿಯಲ್ಲಿ ಸೂಜಿ ಮೊನೆಯ ಬೀಜ, ಹಿಂದೆ ಹುರಿಗೊಳಿಸಿದ ದಾರದಂತೆ ಸುತ್ತಿಕೊಂಡ ಉದ್ದನೆಯ ಊಬು. ಬೆರಳಿಗೆ ಎಂಜಲು ಹಚ್ಚಿ ಅದಕ್ಕೆ ಸವರಿದ. ಅದು ತಿರುಗತೊಡಗಿತು. ಗಾಳಿ ಇರಲಿಲ್ಲ, ನನ್ನ ಕೈ ಅಲುಗಿರಲಿಲ್ಲ. ಸುತ್ತಿಕೊಂಡ ಊಬು ತೇವಕ್ಕೆ ಬಿಚ್ಚಿಕೊಳ್ಳುತ್ತ ಬೀಜವನ್ನು ಬೈರಿಗೆಯ ಹಾಗೆ ತಿರುಗಿಸುತ್ತಿತ್ತು. ಮೊದಲ ಮಳೆ ಬಿದ್ದಾಗ ಅದು ನೆಲಕ್ಕೆ ಹೊಕ್ಕುವುದು ಹೀಗೆಯೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹೆಟೆರೊಪೋಗನ್ ಕಾಂಟಾರ್ಟಸ್. ನನಗೆ ಆ ಹೆಸರು ಗೊತ್ತಿತ್ತು, ಹುಲ್ಲು ಮಾತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಾನು ನಿಂತಿದ್ದದ್ದೇ ಅದರ ಬುಡದ ಮೇಲೆ.

"ಎಳೆಯದಿದ್ದಾಗ ಕುರಿಗೆ ಇದರಷ್ಟು ಒಳ್ಳೆಯ ಮೇವಿಲ್ಲ. ಊಬು ಬಲಿತರೆ ಉಣ್ಣೆ ಹೊಕ್ಕು ಚರ್ಮ ಚುಚ್ಚುತ್ತದೆ. ಆಗ ಮಂದೆಯನ್ನು ಆಚೆ ಬದಿಗೆ ಹೊಡೆಯುತ್ತೇವೆ" ಎಂದ ತಾತ. ಆಚೆ ಬದಿ ಎಂದು ಅವನು ತೋರಿಸಿದ್ದು ನಕ್ಷೆಯಲ್ಲಿ ಗಣಿಯ ಕಸಮಣ್ಣು ಸುರಿಯಲು ಗುರುತು ಹಾಕಿದ್ದ ಜಾಗವನ್ನು.

ಅದೇ ವರ್ಷ ಅಕ್ಟೋಬರ್ ಕೊನೆಗೆ ನನ್ನದೇ ಖರ್ಚಿನಲ್ಲಿ ಮತ್ತೆ ಹೋದೆ. ಹುಲ್ಲೆಲ್ಲ ತೆನೆ ಬಿಟ್ಟಿತ್ತು. ಅದೇ ಚೌಕಟ್ಟು, ಅದೇ ಜಾಗ. ಅರ್ಧ ಪುಟದ ಪಟ್ಟಿ ನಾಲ್ಕು ಪುಟವಾಯಿತು. ವರದಿ ಅಷ್ಟರಲ್ಲಿ ಹೋಗಿಯಾಗಿತ್ತು. ಅದರಲ್ಲಿ ಆ ಗುಡ್ಡ ಇಂದಿಗೂ "ವಿರಳ ಸಸ್ಯವರ್ಗದ" ಗುಡ್ಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಏನು ಬಂತು? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ಪ್ರತಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಆದ ಮೇಲೆಯೇ ಮತ್ತೆ ಆರಂಭಿಸಬೇಕು ಎಂದಿತು. 2020ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು: ಗಣಿ ಮುಗಿದ ಮೇಲೆ ಅಲ್ಲಿ ಮತ್ತೆ ಹುಲ್ಲು ಬೆಳೆಸಿ, ನೆಲವನ್ನು ಮೇವಿಗೂ ಗಿಡಕ್ಕೂ ಪ್ರಾಣಿಗಳಿಗೂ ತಕ್ಕ ಸ್ಥಿತಿಗೆ ತರಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಬೇಕು. ಸರಿ, ಯಾವ ಹುಲ್ಲು? ಅಗೆದು ಮುಗಿದ ಗುಂಡಿಯನ್ನು ನೋಡಿ ಹೇಳಬಲ್ಲಿರಾ? ಮೊದಲಿನ ದಾಖಲೆ ಇಲ್ಲದಿದ್ದರೆ ಅಕೇಶಿಯಾ ಸಾಲು ನೆಟ್ಟು, ಚಿತ್ರ ತೆಗೆದು, "ಹಸಿರಾಯಿತು" ಎಂದು ಬರೆದು ಕೈತೊಳೆದುಕೊಳ್ಳಬಹುದು. ಏನೂ ನೆಡದಿದ್ದರೆ ಬಳ್ಳಾರಿ ಜಾಲಿ ತಾನಾಗಿ ಬಂದು ಮುತ್ತುತ್ತದೆ, ಅದೂ ದೂರದಿಂದ ಹಸಿರೇ. ಅಲ್ಲಿಗೆ ಮಂದೆ ಹೊಡೆದುಕೊಂಡು ಬಂದವನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ದಾಖಲೆ ಇದ್ದರೆ ಕೆಲಸ ಅಗೆಯುವ ಮೊದಲೇ ಶುರುವಾಗುತ್ತದೆ. ಬೀಜದ ಬಹುಪಾಲು ಇರುವುದು ಮೇಲಿನ ಎರಡು ಮೂರು ಬೆರಳಿನಷ್ಟು ಮಣ್ಣಿನಲ್ಲಿ. ಆ ಮೇಲ್ಮಣ್ಣನ್ನು ಬೇರೆಯಾಗಿ ಕೆರೆದು, ಎತ್ತರದ ರಾಶಿ ಹಾಕದೆ, ಬೇಗ ಬಳಸಬೇಕು. ವರ್ಷಗಟ್ಟಲೆ ರಾಶಿಯಲ್ಲಿ ಬಿದ್ದ ಮಣ್ಣಿನಲ್ಲಿ ಬೀಜ ಸಾಯುತ್ತದೆ. ಯಾವ ಹುಲ್ಲಿನ ಬೀಜವನ್ನು ಯಾವ ಇಳಿಜಾರಿನಿಂದ ಆರಿಸಿಡಬೇಕು, ಅಗೆಯದ ಯಾವ ಪಕ್ಕದ ಗುಡ್ಡವನ್ನು ಹೋಲಿಕೆಗೆ ಉಳಿಸಿಕೊಳ್ಳಬೇಕು, ಎಲ್ಲಕ್ಕೂ ಆ ನಾಲ್ಕು ಪುಟವೇ ಆಧಾರ. ಇಷ್ಟಾದರೂ ಹಳೆಯ ಹುಲ್ಲುಗಾವಲು ಪೂರ್ತಿಯಾಗಿ ಮರಳುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ದಶಕಗಳು ಬೇಕು, ಕೆಲವು ಜಾತಿಗಳು ಮರಳುವುದೇ ಇಲ್ಲ. "ಹಾಗಾದರೆ ನೀವು ಗಣಿಯವರಿಗೆ ಅನುಮತಿ ಕೊಡಿಸುವವರು" ಎಂದು ಚುಚ್ಚುವವರೂ ಇದ್ದಾರೆ. ಅಲ್ಲ. ಸಾಲ ಎಷ್ಟೆಂದು ಬರೆದಿಡುವವಳು ನಾನು. ಬರೆಯದ ಸಾಲವನ್ನು ಯಾರೂ ತೀರಿಸುವುದಿಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಯಾವ ತಿಂಗಳಲ್ಲಿ ನೋಡಿದಿರಿ? ಅಲ್ಲಿ ಮೇಯಿಸುವವರನ್ನು ಕೇಳಿದಿರಾ? ಇಷ್ಟು ವರ್ಷಗಳಲ್ಲಿ ಯಾವ ಅಧಿಕಾರಿಯೂ, ಯಾವ ನೆಂಟರೂ ನನ್ನನ್ನು ಇದನ್ನು ಕೇಳಿಲ್ಲ. ಕೇಳಿದವನು ಆ ತಾತ ಒಬ್ಬನೇ. ಅಕ್ಟೋಬರಿನಲ್ಲಿ ನನ್ನ ನಾಲ್ಕು ಪುಟಗಳನ್ನು ಓದಿ ಹೇಳಿದಾಗ ಎಲ್ಲ ಕೇಳಿಸಿಕೊಂಡು, "ಯಾವ ಬದಿಯ ಹುಲ್ಲು ಮೊದಲು ಒಣಗುತ್ತದೆ, ಯಾವುದು ಬೇಸಿಗೆವರೆಗೂ ನಿಲ್ಲುತ್ತದೆ ಎಂದು ಬರೆದುಕೊಂಡೆಯಾ?" ಎಂದ. ನನ್ನ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಳೆಯ ಅಂಚಿನಲ್ಲಿ ಗೆರೆ ಎಳೆದು, ಅವನು ಹೇಳುತ್ತ ಹೋದದ್ದನ್ನು ಬರೆದುಕೊಂಡೆ. ಈಗ ನಾನು ಎಲ್ಲಿಗೆ ಹೋದರೂ ಮೊದಲು ತುಂಬುವುದು ಆ ಕಾಲಂ.