ಬಿಸಿಲಿಗೆ ಕೊಡುವ ಬಾಡಿಗೆ

ಟೆಕ್ಸಾಸಿನಲ್ಲಿ ಎಂ.ಎಸ್. ಮುಗಿಸಿದ ಅಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. ಅಲ್ಲಿಯ ಆಸ್ಟಿನ್‌ನಲ್ಲಿ ಒಂದು, ನಾವಿರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಂದು, ಹೀಗೆ ಎರಡು ಕಡೆ ಅವನಿಗೆ ಕೆಲಸ ಸಿಕ್ಕಿತ್ತು. "ಮಾವ, ನಿಮ್ಮ ಕಡೆ ಸಂಬಳ ಜಾಸ್ತಿ ಕೊಡುತ್ತಾರೆ ನಿಜ, ಆದರೆ ಅಲ್ಲಿನ ಖರ್ಚಿಗೆ ಪೂರೈಸುತ್ತದಾ?" ಎಂದು ಕೇಳಿದ. ಹದಿಮೂರು ವರ್ಷ ಇಲ್ಲಿದ್ದವನು ನಾನು. ಥಟ್ಟನೆ ಉತ್ತರ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ನಾಳೆ ಬರುವುದಕ್ಕೆ ಎರಡು ವಾರ ಹಿಡಿಯಿತು.

ಕ್ಯಾಲಿಫೋರ್ನಿಯಾದ ದುಬಾರಿತನಕ್ಕೆ ಇಲ್ಲಿನವರು ತಮಾಷೆಗೆ 'ಸನ್‌ಶೈನ್ ಟ್ಯಾಕ್ಸ್' ಎನ್ನುತ್ತಾರೆ, ಅಂದರೆ ಬಿಸಿಲ ತೆರಿಗೆ. ಬಿಸಿಲಿಗೂ ದುಡ್ಡಿಗೂ ಇರುವ ನಂಟು ನನಗೆ ಹೊಸದೇನಲ್ಲ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲಿನ ದಿನಗಳಲ್ಲಿ ಅಪ್ಪಯ್ಯ ಬೆಳಿಗ್ಗೆ ಎದ್ದವರೇ ಮೊದಲು ನೋಡುತ್ತಿದ್ದದ್ದು ಆಕಾಶವನ್ನು. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿದ ಮೇಲೆ ಮೋಡ ಕಟ್ಟಿತೆಂದರೆ ಊಟಕ್ಕೆ ಕೂತವರೂ ಎಲೆ ಬಿಟ್ಟು ಎದ್ದು, ಗುಡ್ಡೆ ಮಾಡಿ ತಾಡಪಾಲು ಹೊದೆಸಲು ಓಡಬೇಕು. ಎರಡು ದಿನ ಬಿಸಿಲು ಕಾಣದಿದ್ದರೆ ಬೂಸ್ಟು ಹಿಡಿದು ಆ ವರ್ಷದ ದರವೇ ಬಿದ್ದುಹೋಗುತ್ತಿತ್ತು. ಸನ್ನಿವೇಲ್ ಇರುವ ಈ ಸಾಂಟಾ ಕ್ಲಾರಾ ಕಣಿವೆಯೂ ಕಂಪ್ಯೂಟರ್ ಚಿಪ್ಪುಗಳು ಬರುವ ಮೊದಲು ಏಪ್ರಿಕಾಟ್ ಮತ್ತು ಪ್ಲಮ್ ತೋಟಗಳ ನಾಡಾಗಿತ್ತು. ಸೀಳಿದ ಏಪ್ರಿಕಾಟ್‌ಗಳನ್ನು ಮರದ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ ಇದೇ ಬಿಸಿಲಿಗೆ ಒಣಗಿಸುತ್ತಿದ್ದರು. ಊರಿನ ಸಮುದಾಯ ಭವನದ ಪಕ್ಕದಲ್ಲಿ ಆ ಕಾಲದ ನೆನಪಿಗೆಂದು ಇಂದಿಗೂ ಒಂದು ಏಪ್ರಿಕಾಟ್ ತೋಟವನ್ನು ಉಳಿಸಿಕೊಂಡಿದ್ದಾರೆ. ಅಮ್ಮ ಮೊದಲ ಸಲ ಬಂದಾಗ ಆ ತೋಟದ ಬೇಲಿಯ ಹತ್ತಿರ ನಿಂತು, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಬರುವುದೇ ಅಪರೂಪವೆಂದು ನಾನು ಹೇಳಿದ್ದನ್ನು ನಂಬದೆ, "ಹಾಗಿದ್ದರೆ ಇಲ್ಲಿ ಅಡಿಕೆ ಬೆಳೆಯುವುದಿಲ್ಲ, ಒಣಗಿಸುವುದಕ್ಕೆ ಮಾತ್ರ ಲಾಯಕ್ಕು" ಎಂದಿದ್ದರು.

ಇಲ್ಲಿಗೆ ಬರುವ ಮೊದಲು ನಾವು ನಾಲ್ಕು ವರ್ಷ ಮಿನಿಯಾಪೊಲಿಸ್‌ನ ಹೊರವಲಯದಲ್ಲಿದ್ದೆವು. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಜನವರಿಯಲ್ಲಿ ಒಮ್ಮೊಮ್ಮೆ ಕಣ್ಣು ಕೋರೈಸುವಷ್ಟು ಬಿಸಿಲಿರುತ್ತದೆ, ಆದರೆ ಹೊರಗಿನ ತಾಪಮಾನ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಶಾಖವೇ ಇಲ್ಲದ ಆ ಬಿಸಿಲನ್ನು ಕಂಡರೆ ನನಗೆ ದೇವಸ್ಥಾನದ ಗೋಡೆಯ ಮೇಲೆ ಬರೆದ ಸೂರ್ಯನ ನೆನಪಾಗುತ್ತಿತ್ತು. ಮೂರನೆಯ ಚಳಿಗಾಲದ ಹೊತ್ತಿಗೆ ನನ್ನ ಹೆಂಡತಿ ಮಾತು ಕಡಿಮೆ ಮಾಡಿದ್ದಳು. ವೈದ್ಯರು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟರು, ಮೇಜಿನ ಮೇಲಿಟ್ಟುಕೊಳ್ಳಲು ಒಂದು ಪ್ರಖರವಾದ ದೀಪವನ್ನೂ ಹೇಳಿದರು. 2012ರ ಆಗಸ್ಟಿನಲ್ಲಿ ಸನ್ನಿವೇಲ್‌ಗೆ ಬಂದು ಇಳಿದಾಗ, 950 ಡಾಲರ್ ಇದ್ದ ಬಾಡಿಗೆ ಒಂದೇ ಸಲಕ್ಕೆ 1,950 ಆಯಿತು. ಆ ಹೆಚ್ಚುವರಿ ಸಾವಿರವನ್ನು ನಾನು ಮನಸ್ಸಿನಲ್ಲೇ ಔಷಧಿಯ ಖರ್ಚಿಗೆ ಬರೆದುಕೊಂಡೆ, ಇಂದಿಗೂ ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಎರಡು ಕೋಣೆಯ ಮನೆಗೆ ಈಗ ತಿಂಗಳಿಗೆ 3,700 ಡಾಲರ್ ಕೊಡುತ್ತಿದ್ದೇನೆ, ಬಿಸಿಲು ಮಾತ್ರ ಅಂದಿದ್ದಷ್ಟೇ ಇದೆ.

ಸ್ವಂತ ಮನೆ ಏಕೆ ಕೊಳ್ಳಲಿಲ್ಲ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಈ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಒಂಟಿ ಮನೆಯೊಂದರ ಸಾಧಾರಣ ಬೆಲೆ 20 ಲಕ್ಷ ಡಾಲರಿನ ಆಸುಪಾಸಿನಲ್ಲಿದೆ ಎಂದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಉತ್ತರ 1978ರಲ್ಲಿ ಮತದಾರರು ಒಪ್ಪಿದ 'ಪ್ರೊಪೊಸಿಷನ್ 13' ಎಂಬ ಕಾನೂನಿನಲ್ಲಿದೆ. ಅದರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ. 1 ಮಾತ್ರ, ಮತ್ತು ತೆರಿಗೆಗಾಗಿ ಲೆಕ್ಕ ಹಾಕುವ ಬೆಲೆಯನ್ನು ಮನೆ ಕೈ ಬದಲಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಕೇಳಲು ಬಹಳ ಉದಾರವಾದ ಕಾನೂನಿದು. ಆದರೆ 1980ರಲ್ಲಿ ಒಂದು ಲಕ್ಷ ಡಾಲರಿಗೆ ಮನೆ ಕೊಂಡ ಅಜ್ಜನೊಬ್ಬನ ತೆರಿಗೆಯ ಬೆಲೆ ಇಂದಿಗೆ ಎರಡೂವರೆ ಲಕ್ಷದ ಒಳಗೇ ಇರುತ್ತದೆ. ಸ್ಥಳೀಯ ಸೇರ್ಪಡೆಗಳನ್ನು ಕೂಡಿಸಿದರೂ ಅವನು ವರ್ಷಕ್ಕೆ ಕಟ್ಟುವುದು ಸುಮಾರು 3,000 ಡಾಲರ್. ಅವನ ಪಕ್ಕದ, ಅಷ್ಟೇ ದೊಡ್ಡ ಮನೆಯನ್ನು ಇಂದು 20 ಲಕ್ಷಕ್ಕೆ ಕೊಂಡವನು ಸುಮಾರು 24,000 ಕಟ್ಟಬೇಕು. ಒಂದೇ ಬೀದಿ, ಒಂದೇ ಶಾಲೆ, ಅದೇ ಬಿಸಿಲು, ತೆರಿಗೆ ಮಾತ್ರ ಎಂಟು ಪಟ್ಟು. ಹಳಬರಲ್ಲಿ ಹಲವರು ಮನೆ ಮಾರಿ ಹೋಗುವುದಿಲ್ಲ, ಏಕೆಂದರೆ 55 ದಾಟದವರು ಹೋದರೆ ಆ ಹಳೆಯ ತೆರಿಗೆ ಕೈಬಿಡುತ್ತದೆ. ಅವರು ಹೋಗದ್ದರಿಂದ ಮಾರಾಟಕ್ಕೆ ಬರುವ ಮನೆಗಳು ಕಡಿಮೆ, ಕಡಿಮೆಯಾದ್ದರಿಂದ ಬೆಲೆ ಇನ್ನೂ ಮೇಲೆ. ಬಿಸಿಲ ತೆರಿಗೆ ಎಂಬುದು ಇದ್ದರೆ ಅದು ಮುಖ್ಯವಾಗಿ ತಡವಾಗಿ ಬಂದವರ ಮೇಲೆ ಬೀಳುವ ತೆರಿಗೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಗೇಣಿದಾರನಿಗೆ ಒಂದು ದರ, ಹೊಸಬನಿಗೆ ಇನ್ನೊಂದು ದರ ಎಂಬ ಲೆಕ್ಕ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಬಿಸಿಲಿನ ವಿಷಯದಲ್ಲಿ ನನ್ನನ್ನು ದಿನನಿತ್ಯ ಕೆಣಕುವ ಸಂಗತಿ ಇನ್ನೊಂದಿದೆ. ನಾವಿರುವ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಎಂಬ ಷರತ್ತು ಇದೆ. ಹೊರಗಿನಿಂದ ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲವಂತೆ. ಆದ್ದರಿಂದ ಆರು ತಿಂಗಳು ಮೋಡವೇ ಕಾಣದ ಊರಿನಲ್ಲಿ ನಾವು ಬಟ್ಟೆಯನ್ನು ಡ್ರೈಯರಿಗೆ ಹಾಕುತ್ತೇವೆ, ಆ ಡ್ರೈಯರಿನ ಕರೆಂಟಿಗೆ ಯೂನಿಟ್ಟಿಗೆ 40 ಸೆಂಟಿನಷ್ಟು ಕೊಡುತ್ತೇವೆ. ಅದು ಅಮೆರಿಕದ ಸರಾಸರಿ ದರದ ದುಪ್ಪಟ್ಟಿಗೂ ಹೆಚ್ಚು. ರಸ್ತೆ ದಾಟಿ ಪಕ್ಕದ ಸಾಂಟಾ ಕ್ಲಾರಾ ನಗರಕ್ಕೆ ಹೋದರೆ ಅಲ್ಲಿ ನಗರಸಭೆಯೇ ವಿದ್ಯುತ್ ಪೂರೈಸುವುದರಿಂದ ದರ ಅರ್ಧಕ್ಕಿಂತ ಕಡಿಮೆ. ಸ್ವಂತ ಮನೆಯವರು ಛಾವಣಿಗೆ ಸೌರ ಫಲಕ ಹಾಕಿಸಿ ಮಿಕ್ಕ ವಿದ್ಯುತ್ತನ್ನು ಕಂಪನಿಗೆ ಕೊಟ್ಟು ಒಳ್ಳೆಯ ಬೆಲೆ ಪಡೆಯುತ್ತಿದ್ದರು. 2023ರ ಏಪ್ರಿಲಿನಿಂದ ಹೊಸದಾಗಿ ಹಾಕಿಸಿದವರಿಗೆ ಆ ಬೆಲೆಯನ್ನು ಬಹುಪಾಲು ಇಳಿಸಿಬಿಟ್ಟಿದ್ದಾರೆ. ಅಲ್ಲಿಯೂ ಮೊದಲು ಬಂದವನಿಗೇ ಮಣೆ. ಹೋದ ವರ್ಷ ಅಮ್ಮ ಬಂದಿದ್ದಾಗ ಅಕ್ಕಿ ಸಂಡಿಗೆ ಇಡಲೇಬೇಕೆಂದು ಹಟ ಹಿಡಿದರು. ಹಳೆಯ ಪಂಚೆಯನ್ನು ಬಾಲ್ಕನಿಯ ನೆಲಕ್ಕೆ, ಕಟಕಟೆಗಿಂತ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ಹಾಸಿ ಒಣಗಿಸಿದೆವು. ಊರಿನಲ್ಲಿ ಎರಡು ಮೂರು ದಿನ ಬೇಕಾಗುವ ಸಂಡಿಗೆ ಒಂದೂವರೆ ದಿನಕ್ಕೆ ಗಲಗಲ ಎನ್ನುವಂತೆ ಒಣಗಿತ್ತು.

ಬಿಸಿಲಿಗೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. 2020ರ ಸೆಪ್ಟೆಂಬರ್ 9ರಂದು ಬೆಳಗಾಗಲೇ ಇಲ್ಲ. ಕಾಡಿನ ಬೆಂಕಿಯ ಹೊಗೆ ಮುಗಿಲೆತ್ತರಕ್ಕೆ ಹರಡಿ, ಹಗಲು ಹತ್ತು ಗಂಟೆಗೆ ಆಕಾಶ ಕುಂಕುಮ ಕಲಸಿದ ನೀರಿನಂತೆ ಕಾಣುತ್ತಿತ್ತು. ಮಗಳು ದೀಪ ಹಾಕಿಕೊಂಡು ಆನ್‌ಲೈನ್ ತರಗತಿಗೆ ಕೂತಿದ್ದಳು. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಎಂಬ ಊರೇ ಸುಟ್ಟುಹೋಗಿ 85 ಜನ ಸತ್ತಾಗ, ಅಷ್ಟು ದೂರದ ಹೊಗೆ ನಮ್ಮ ಮನೆಯ ಕಿಟಕಿಯ ಸಂದಿಗೂ ಬಂದಿತ್ತು. ತಿಂಗಳುಗಟ್ಟಲೆ ಮಳೆ ಇಲ್ಲದೆ ಒಣಗಿದ ಹುಲ್ಲು ಈ ಬಿಸಿಲಿನದೇ ಕೊಡುಗೆ. ರಾಜ್ಯದ ಅತಿ ದೊಡ್ಡ ಗೃಹವಿಮಾ ಕಂಪನಿ 2023ರ ಮೇ ತಿಂಗಳಲ್ಲಿ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಇಷ್ಟೆಲ್ಲ ಇದ್ದೂ ನಾನೇಕೆ ಇಲ್ಲಿದ್ದೇನೆ? ಎರಡು ವಾರ ಲೆಕ್ಕ ಹಾಕಿದ ಮೇಲೆ ನನಗೆ ಹೊಳೆದ ಉತ್ತರದಲ್ಲಿ ಬಿಸಿಲಿನ ಪಾಲು ಚಿಕ್ಕದು. ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ನನ್ನಂತೆ ಇರುವವನ ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಅವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿನ ಸರದಿಯಲ್ಲಿ ನನ್ನ ಹೆಸರು ಸೇರಿದ್ದು 2015ರಲ್ಲಿ. ಭಾರತದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದವೆಂದರೆ ನನ್ನ ಸರದಿ ಇನ್ನೂ ಬಂದಿಲ್ಲ. 2023ರ ಜನವರಿಯಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಳಗೆ ಹೋಗಲು ಬಿಡಲಿಲ್ಲ. ನನ್ನ ವಿಭಾಗವನ್ನೇ ಮುಚ್ಚಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿ 60ನೆಯ ದಿನಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಳು, ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. 41ನೆಯ ದಿನ ಹೊಸ ಕೆಲಸ ಸಿಕ್ಕಿತು, ಅದೂ ಮನೆಯಿಂದ ಐದು ಕಿಲೋಮೀಟರ್ ದೂರದಲ್ಲಿ. ಮಗಳ ಶಾಲೆ ಬದಲಾಗಲಿಲ್ಲ, ಮನೆ ಬದಲಾಗಲಿಲ್ಲ. ಈ ಕಣಿವೆಯಲ್ಲಿ ಕಂಪನಿಗಳು ಒತ್ತೊತ್ತಾಗಿವೆ, ಜೊತೆಗೆ ಹಳೆಯ ಕಂಪನಿ ಬಿಟ್ಟವನು ಅದರ ಪ್ರತಿಸ್ಪರ್ಧಿಯನ್ನು ಸೇರಬಾರದು ಎಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಊರ್ಜಿತವಲ್ಲ. ನಾನು ಇಷ್ಟು ವರ್ಷ ಬಿಸಿಲಿಗೆಂದುಕೊಂಡು ಕಟ್ಟುತ್ತಿದ್ದ ಬಾಡಿಗೆಯ ದೊಡ್ಡ ಪಾಲು ಆ 41 ದಿನಗಳ ವಿಮೆಯ ಕಂತಾಗಿತ್ತು.

ಅಕ್ಕನ ಮಗನ ಅಂಕಿಗಳನ್ನು ತೆಗೆದುಕೊಂಡೆ. ಸಂಬಳ ಆಸ್ಟಿನ್‌ನಲ್ಲಿ 1,60,000 ಡಾಲರ್, ಇಲ್ಲಿ 1,95,000. ಹೆಚ್ಚುವರಿ 35,000ದಲ್ಲಿ ಕೇಂದ್ರದ ತೆರಿಗೆಗೆ ಎಂಟು ಸಾವಿರ ಹೋಗುತ್ತದೆ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಇಲ್ಲಿ ಅವನ ಸಂಬಳಕ್ಕೆ ಹದಿನಾಲ್ಕು ಸಾವಿರದಷ್ಟು ಕಟ್ಟಬೇಕು. ಒಂದು ಕೋಣೆಯ ಮನೆಗೆ ಅಲ್ಲಿ 1,400, ಇಲ್ಲಿ 3,000; ವರ್ಷಕ್ಕೆ 19,200ರ ವ್ಯತ್ಯಾಸ. ಒಟ್ಟಿನಲ್ಲಿ ಇಲ್ಲಿಗೆ ಬಂದರೆ ಅವನು ವರ್ಷಕ್ಕೆ ಆರು ಸಾವಿರ ಕೈಯಿಂದ ಹಾಕಬೇಕು, ಪೆಟ್ರೋಲು ಮತ್ತು ಕರೆಂಟಿನ ಖರ್ಚು ಬೇರೆ. ಆಸ್ಟಿನ್ನಿನ ಬಿಸಿಲನ್ನೂ ಅವನಿಗೆ ನೆನಪಿಸಿದೆ: 2023ರ ಬೇಸಿಗೆಯಲ್ಲಿ ಅಲ್ಲಿ ಸತತ 45 ದಿನ ತಾಪಮಾನ 100 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 38 ಡಿಗ್ರಿ ಸೆಲ್ಸಿಯಸ್) ಮುಟ್ಟಿತ್ತು. ಅದಕ್ಕವನು, "ನಾನು ಅದನ್ನು ಅನುಭವಿಸಿದ್ದೇನೆ ಮಾವ, ನೀವು ಓದಿದ್ದೀರಿ" ಎಂದ.

ನಾನು ಅವನಿಗೆ ಹೇಳಿದ್ದು ಇಷ್ಟು. ವೀಸಾದ ಗಡಿಯಾರ ತಲೆಯ ಮೇಲಿರುವವರೆಗೆ ಆರು ಸಾವಿರ ದುಬಾರಿಯಲ್ಲ, ಬಾ. ಸಾಂಟಾ ಕ್ಲಾರಾ ನಗರದ ಮಿತಿಯೊಳಗೆ ಮನೆ ಹುಡುಕು, ಕರೆಂಟಿನ ಬಿಲ್ಲಾದರೂ ಇಳಿಯುತ್ತದೆ. ಮನೆ ಕೊಳ್ಳುವ ಮಾತು ಯಾರೇ ಆಡಿದರೂ ಐದು ವರ್ಷ ಕಿವಿಗೆ ಹಾಕಿಕೊಳ್ಳಬೇಡ. ಗ್ರೀನ್ ಕಾರ್ಡ್ ಕೈಗೆ ಬಂದ ದಿನ ಈ ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕು. ಆಗ ನಿನಗೆ ಬಿಸಿಲೊಂದೇ ಉಳಿದಿದ್ದರೆ, ಅದು ಇದಕ್ಕಿಂತ ಅಗ್ಗವಾಗಿ ಬೇರೆ ಕಡೆ ಸಿಗುತ್ತದೆ.

ನನ್ನ ಲೆಕ್ಕ ಬೇರೆ. ಮಗಳು ಈಗ ಹತ್ತನೆಯ ತರಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಜ್ಯದ ನಿವಾಸಿಗಳು ವರ್ಷಕ್ಕೆ ಸುಮಾರು 15,000 ಡಾಲರ್ ಶುಲ್ಕ ಕಟ್ಟಿದರೆ ಹೊರಗಿನವರು ಅದರ ಮೂರು ಪಟ್ಟಿಗೂ ಹೆಚ್ಚು ಕಟ್ಟಬೇಕು. ಇನ್ನು ಆರು ವರ್ಷ ನಾನು ಅಲುಗಾಡುವಂತಿಲ್ಲ. ಮಾರ್ಚಿಗೆ ಬಾಡಿಗೆ ಕರಾರು ನವೀಕರಣಕ್ಕೆ ಬರುತ್ತದೆ, ನೂರೈವತ್ತು ಡಾಲರ್ ಏರಿಸಿ ಪತ್ರ ಕಳಿಸಿದ್ದಾರೆ. ಸಹಿ ಹಾಕುತ್ತೇನೆ. ಏಪ್ರಿಲಿಗೆ ಅಮ್ಮ ಮತ್ತೆ ಬರುತ್ತಾರೆ, ಈ ಸಲ ಬಾಳಕದ ಮೆಣಸಿನಕಾಯಿಯನ್ನೂ ಇಲ್ಲೇ ಒಣಗಿಸುವುದಂತೆ, ಪಂಚೆ ಇನ್ನೊಂದು ತೆಗೆದಿಡು ಎಂದು ಹೇಳಿದ್ದಾರೆ.