ಹದಿನಾಲ್ಕು ತುಂಡುಗಳ ಕೇಕ್

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನಿಂತು ಬಾದಾಮಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದೆ. ಮದುವೆ ನನ್ನದೇ. ವಯಸ್ಸು ಅರವತ್ತೊಂದು. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಇವತ್ತಾದರೂ ಸುಮ್ಮನೆ ಕೂತಿರಬಾರದಾ? ಕೇಕನ್ನು ಹೊರಗಿನಿಂದ ತರಿಸಿದರಾಯಿತು" ಎಂದಳು. ಹೊರಗಿನಿಂದ ತರಿಸಿದ್ದರೆ ಬಂದ ಹನ್ನೆರಡು ಮಂದಿಯೂ ತಿನ್ನಬಹುದಾಗಿತ್ತು. ಮದುವೆಯಾಗುವ ಇಬ್ಬರು ಮಾತ್ರ ನೋಡುತ್ತ ಕೂರಬೇಕಾಗಿತ್ತು. ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ.

ನನಗದು ಗೊತ್ತಾದದ್ದು ಆರು ವರ್ಷಗಳ ಹಿಂದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪಥ್ಯ ಮಾಡಿ ಅದನ್ನು ವಂಚಿಸಲು ಬರುವುದಿಲ್ಲ. ಅದು ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಲೆಕ್ಕ. ನನ್ನದು 6.9 ಇತ್ತು. ವೈದ್ಯರು ಬಿಡಬೇಕಾದವುಗಳ ಪಟ್ಟಿ ಕೊಟ್ಟಾಗ ಸಿಹಿತಿಂಡಿ ಹೋದದ್ದಕ್ಕೆ ನನಗೆ ಅಷ್ಟೇನೂ ದುಃಖವಾಗಲಿಲ್ಲ. ಆದರೆ ಬೆಳಗಿನ ಬ್ರೆಡ್ಡು ಹೋಯಿತಲ್ಲ ಎಂಬುದು ನುಂಗಲಾರದ ಮಾತಾಯಿತು. ಒಂಟಿಯಾಗಿರುವವರ ಬೆಳಗಿನ ಊಟೋಪಚಾರದಲ್ಲಿ ಬ್ರೆಡ್ಡಿಗಿರುವ ಸ್ಥಾನವನ್ನು ಒಂಟಿಯಾಗಿರುವವರೇ ಬಲ್ಲರು.

ಮೊದಲ ವರ್ಷ ನಾನು ಮಾಡಿದ ತಪ್ಪು ಬಹಳ ಸರಳವಾದದ್ದು. ಹಳೆಯ ಅಳತೆಯಲ್ಲಿ ಮೈದಾ ಇದ್ದ ಕಡೆಯೆಲ್ಲ ಬಾದಾಮಿ ಹಿಟ್ಟು ಹಾಕಿದೆ. ಸಕ್ಕರೆಯನ್ನು ಬರೀ ಕೈಬಿಟ್ಟೆ. ಬಂದದ್ದು ಬ್ರೆಡ್ಡೂ ಅಲ್ಲ, ಕೇಕೂ ಅಲ್ಲ, ಎಣ್ಣೆ ಬಿಟ್ಟುಕೊಂಡ ಒಂದು ಹೆಂಟೆ. ನೂರು ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ಬಾದಾಮಿ ಹಿಟ್ಟಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ, ಅದರಲ್ಲೂ ಹೆಚ್ಚುಕಡಿಮೆ ಅರ್ಧ ನಾರು. ಆದರೆ ಬಾದಾಮಿ ಹಿಟ್ಟಿನ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇದೆ, ಮತ್ತು ಅದರಲ್ಲಿ ಗ್ಲೂಟನ್ ಇಲ್ಲ. ನೀರು ಹಾಕಿ ನಾದಿದಾಗ ಮೈದಾದಲ್ಲಿ ಎಳೆಯೆಳೆಯಾಗಿ ಹೆಣೆದುಕೊಂಡು, ಒಳಗೆ ಹುಟ್ಟುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಗ್ಲೂಟನ್. ಅದಿಲ್ಲದ ಹಿಟ್ಟನ್ನು ಎಷ್ಟು ನಾದಿದರೂ ತೋಳು ನೋಯುತ್ತದೆಯೇ ಹೊರತು ಹಿಟ್ಟಿಗೆ ಏನೂ ಆಗುವುದಿಲ್ಲ. ಸಕ್ಕರೆಯೂ ಸಿಹಿ ಕೊಡುವುದಕ್ಕಷ್ಟೇ ಅಲ್ಲಿರುವುದಿಲ್ಲ. ತೇವವನ್ನು ಹಿಡಿದಿಡುವುದು, ಮೃದುತ್ವ ಕೊಡುವುದು, ಮೇಲ್ಮೈಗೆ ಕೆಂಪು ಬಣ್ಣ ತರುವುದು, ಇವೆಲ್ಲ ಅದರ ಕೆಲಸಗಳೇ. ಒಂದನ್ನು ತೆಗೆದರೆ ನಾಲ್ಕು ಕೆಲಸಗಳಿಗೆ ಆಳು ಹುಡುಕಬೇಕು.

ಬ್ರೆಡ್ಡಿನ ಮಟ್ಟಿಗೆ ಗ್ಲೂಟನ್‌ನ ಕೆಲಸಕ್ಕೆ ಸಿಕ್ಕ ಆಳು ಇಸಬ್‌ಗೋಲ್ ಹೊಟ್ಟು. ಮಲಬದ್ಧತೆಗೆಂದು ಮನೆಯಲ್ಲಿ ಇಟ್ಟುಕೊಳ್ಳುವ ಈ ಹೊಟ್ಟು ನೀರನ್ನು ಹೀರಿ ಲೋಳೆಯಾಗುತ್ತದೆ, ಆ ಲೋಳೆ ಬೇಯುವಾಗ ಗಾಳಿಯನ್ನು ಹಿಡಿದುಕೊಳ್ಳುತ್ತದೆ. ಮೊದಲ ಸಲ ಮಾಡಿದಾಗ ಬ್ರೆಡ್ಡು ಚೆನ್ನಾಗಿ ಉಬ್ಬಿತು, ಕೊಯ್ದು ನೋಡಿದರೆ ಒಳಗೆ ನೇರಳೆ ಬಣ್ಣ. ಕೆಟ್ಟುಹೋಯಿತೆಂದು ಬಿಸಾಡಿದೆ, ಕೆಲವು ತಯಾರಕರ ಹೊಟ್ಟು ಬೇಯುವಾಗ ಆ ಬಣ್ಣಕ್ಕೆ ತಿರುಗುತ್ತದೆ, ತಿನ್ನಲು ಅಡ್ಡಿಯಿಲ್ಲ ಎಂಬುದು ತಿಳಿದದ್ದು ಆಮೇಲೆ. ಚಮಚದ ಅಳತೆಯನ್ನು ಬಿಟ್ಟು ತಕ್ಕಡಿ ಕೊಂಡದ್ದೂ ಆಗಲೇ. ಹೊಟ್ಟು ಇಡಿಯಾಗಿದ್ದರೆ ಒಂದು ಚಮಚದ ತೂಕ ಒಂದು, ಪುಡಿಯಾಗಿದ್ದರೆ ಇನ್ನೊಂದು. ಐದು ಗ್ರಾಂ ಹೆಚ್ಚಾದರೂ ಬ್ರೆಡ್ಡು ರಬ್ಬರಾಗುತ್ತದೆ. ತೆಂಗಿನ ಹಿಟ್ಟಂತೂ ಬಾದಾಮಿಗಿಂತ ಎಷ್ಟೋ ಪಾಲು ಹೆಚ್ಚು ನೀರು ಕುಡಿಯುವ ಪ್ರಾಣಿ. ಅದನ್ನು ಕಣ್ಣಳತೆಯಲ್ಲಿ ಹಾಕುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಈ ಸೋತ ಬ್ರೆಡ್ಡುಗಳನ್ನು ತಿಂದವರು ನಮ್ಮ ಮೇಲಿನ ಮನೆಯಲ್ಲಿದ್ದವರು. ನಿವೃತ್ತರು, ವಿಚ್ಛೇದನವಾಗಿ ಇಪ್ಪತ್ತು ವರ್ಷವಾದವರು, ಒಂದು ಮುದಿನಾಯಿಯ ಜೊತೆ ಬೆಳಗ್ಗೆ ಸಂಜೆ ನಡೆಯಲು ಹೋಗುತ್ತಿದ್ದವರು. ನನಗಿಂತ ಮೊದಲಿನಿಂದಲೂ ಮಾತ್ರೆ ನುಂಗುತ್ತಿದ್ದವರು. ಮೆಟ್ಟಿಲಲ್ಲಿ ಸಿಕ್ಕಾಗ ಒಂದು ತುಂಡು ಕೊಟ್ಟರೆ, ಮರುದಿನ ತಟ್ಟೆ ಹಿಂದಿರುಗಿಸುವಾಗ, "ಇದು ನಿನ್ನೆಯದಕ್ಕಿಂತ ವಾಸಿ, ಆದರೆ ಮೊಟ್ಟೆಯ ವಾಸನೆ ಹೆಚ್ಚಾಯಿತು" ಎಂದು ನಿಖರವಾಗಿ ವರದಿ ಒಪ್ಪಿಸುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ಬೇಸತ್ತಿದ್ದ ನನಗೆ ಇದು ಹಿಡಿಸಿತು. ಅನ್ನ, ಬ್ರೆಡ್ಡುಗಳನ್ನು ಕಡಿಮೆ ಮಾಡುವ ಮೊದಲು ಅವರು ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಇಳಿಸಿಕೊಂಡು ಬಂದರು. ಇದನ್ನು ಒತ್ತಿ ಹೇಳಬೇಕು: ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಹೇಳದೆ ಕೇಳದೆ ಆಹಾರ ಬದಲಾಯಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಆ ನಾಯಿಯಿಂದ ನನ್ನ ಅಡುಗೆಮನೆಯ ಒಂದು ಡಬ್ಬಿಯೂ ಹೊರಗೆ ಹೋಯಿತು. ಸಕ್ಕರೆಯ ಬದಲಿಗೆ ಬಳಸುವ ಜೈಲಿಟಾಲ್ ಮನುಷ್ಯರಿಗೆ ಆಗುತ್ತದೆ, ನಾಯಿಗಳಿಗೆ ಸ್ವಲ್ಪ ಪ್ರಮಾಣದಲ್ಲೂ ವಿಷ. ನೆಲಕ್ಕೆ ಬಿದ್ದ ಚೂರು ಯಾರ ಬಾಯಿಗೆ ಹೋಗುತ್ತದೆಂದು ಹೇಳಲಾಗದು. ಹಾಗಾಗಿ ಎರಿಥ್ರಿಟಾಲ್‌ಗೆ ಬಂದೆ. ಅದರ ಸಿಹಿ ಸಕ್ಕರೆಯ ಸಿಹಿಯ ಸುಮಾರು ಶೇಕಡಾ 70ರಷ್ಟು, ರಕ್ತದ ಸಕ್ಕರೆಯನ್ನು ಬಹುತೇಕ ಏರಿಸುವುದಿಲ್ಲ. ಆದರೆ ನಾಲಿಗೆಯ ಮೇಲೆ ತಣ್ಣಗೆನಿಸುತ್ತದೆ, ಕೆಂಪಗಾಗುವುದಿಲ್ಲ, ಆರಿದ ಮೇಲೆ ಮತ್ತೆ ಹರಳುಗಟ್ಟಿ ಮರಳು ಜಗಿದಂತಾಗುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವು ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಾಗಿ ಕಂಡುಬಂದವೆಂದು ಹೇಳಿತು. ನಮ್ಮ ದೇಹವೂ ಸ್ವಲ್ಪ ಎರಿಥ್ರಿಟಾಲನ್ನು ತಾನೇ ತಯಾರಿಸುವುದರಿಂದ, ತಿಂದದ್ದೇ ಕಾರಣವೆಂದು ಅಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಆದರೂ ಅಂದಿನಿಂದ ಸಿಹಿಯನ್ನು ದಿನಬಳಕೆಯಿಂದ ಎತ್ತಿ ವಿಶೇಷ ದಿನಗಳಿಗೆ ಇಟ್ಟಿದ್ದೇನೆ. ಆಲ್ಯುಲೋಸ್ ಎಂಬ ಇನ್ನೊಂದು ಸಿಹಿ ಹರಳುಗಟ್ಟುವುದಿಲ್ಲ, ಬಣ್ಣವನ್ನೂ ಬೇಗ ತರುತ್ತದೆ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮದುವೆಯ ಮಾತು ಬಂದದ್ದು ಒಂದು ಆಸ್ಪತ್ರೆಯಲ್ಲಿ. ಅವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಮಗ ದೂರದಲ್ಲಿದ್ದ, ಜೊತೆಗೆ ಹೋದವಳು ನಾನು. ಅರ್ಜಿ ಹಿಡಿದ ಹುಡುಗಿ ಬಹಳ ಮರ್ಯಾದೆಯಿಂದಲೇ ಕೇಳಿದಳು: "ಇವರು ನಿಮಗೆ ಏನಾಗಬೇಕು?" ಮೇಲಿನ ಮನೆಯವರು ಎಂದೆ. ಅವಳು ಬರೆದುಕೊಳ್ಳದೆ ಪೆನ್ನನ್ನು ಹಾಗೆಯೇ ಹಿಡಿದು ಕಾದಳು. ಆ ಪೆನ್ನನ್ನು ನಾನು ಬಹಳ ದಿನ ಮರೆಯಲಿಲ್ಲ. ಅವರೂ ಮರೆತಿರಲಿಲ್ಲವೆಂದು ಗೊತ್ತಾದದ್ದು ಹೊಲಿಗೆ ಬಿಚ್ಚಿದ ವಾರ, ಅವರು ಮೆಟ್ಟಿಲಿಳಿದು ಬಂದು, "ಆ ಅರ್ಜಿಯಲ್ಲಿ ಬರೆಯುವುದಕ್ಕೆ ಒಂದು ಮಾತು ಬೇಕಲ್ಲವೇ?" ಎಂದಾಗ.

ಮಕ್ಕಳಿಗೆ ಹೇಳುವುದು ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಾಗದಪತ್ರ ಕಷ್ಟವಾಯಿತು. ಇಪ್ಪತ್ತೈದರಲ್ಲಿ ಮದುವೆಯಾಗುವವರ ಹತ್ತಿರ ಮರೆಯಬಹುದಾದ ದಾಖಲೆಗಳೇ ಇರುವುದಿಲ್ಲ. ಅರವತ್ತರಲ್ಲಿ ಆಗುವವರಿಗೆ ತಲಾ ಒಂದು ಕಪಾಟು ತುಂಬ ಇರುತ್ತವೆ. ಕೆಲವು ದೇಶಗಳ ಕಾನೂನಿನಲ್ಲಿ ಮದುವೆಯಾದ ಗಳಿಗೆಯಲ್ಲೇ ಹಳೆಯ ಉಯಿಲು ರದ್ದಾಗುತ್ತದೆ. ಕೆಲವು ಪಿಂಚಣಿ ಯೋಜನೆಗಳಲ್ಲಿ ಮೊದಲ ಸಂಗಾತಿಯ ಲೆಕ್ಕದಲ್ಲಿ ಬರುವ ಹಣ ಮರುಮದುವೆಯಾದರೆ ನಿಲ್ಲುತ್ತದೆ. ವಿಮೆಯಲ್ಲಿ, ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಿದ ಹೆಸರುಗಳು ಮಾತ್ರ ಯಾರಾದರೂ ಹೋಗಿ ಬದಲಾಯಿಸುವ ತನಕ ಹಾಗೆಯೇ ಕೂತಿರುತ್ತವೆ. ನಾವು ವಕೀಲರ ಮುಂದೆ ಕುಳಿತು ಅವರವರ ಮನೆ ಅವರವರ ಮಕ್ಕಳಿಗೆ, ಉಳಿದವರು ಬದುಕಿರುವ ತನಕ ವಾಸದ ಹಕ್ಕು ಮಾತ್ರ ಎಂದು ಬರೆಸಿದೆವು. ಪ್ರೀತಿಯ ಮಾತುಗಳಿಗಿಂತ ಆ ಎರಡು ಪುಟಗಳೇ ನಮ್ಮ ಮಕ್ಕಳ ಮುಖವನ್ನು ಸಡಿಲಗೊಳಿಸಿದವೆಂದು ನನ್ನ ನಂಬಿಕೆ, ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಕಾಗದದಲ್ಲಿ ಇತ್ಯರ್ಥವಾಗದೆ ಉಳಿದದ್ದು ಒಂದು ಸರ್ವನಾಮ. ತೀರಿಕೊಂಡ ನನ್ನ ಗಂಡನನ್ನು ನಾನು ಇಪ್ಪತ್ತೇಳು ವರ್ಷ "ಇವರು" ಎಂದೇ ಕರೆದೆ. "ಇವರು ಇನ್ನೂ ಬಂದಿಲ್ಲ", "ಇವರಿಗೆ ಅದು ಸೇರುವುದಿಲ್ಲ". ಎದುರಿಗಿಲ್ಲದಿದ್ದರೂ, ಬೇರೆ ಊರಿನಲ್ಲಿದ್ದರೂ "ಇವರು". ಅವರು ಹೋದ ಮೇಲೆ ಆ ಶಬ್ದ ನನ್ನ ಬಾಯಲ್ಲಿ ಆ ಅರ್ಥದಲ್ಲಿ ಬರಲೇ ಇಲ್ಲ. ಮೇಲಿನ ಮನೆಯವರು ಮೆಟ್ಟಿಲಿನ ಪರಿಚಯದಿಂದ ಊಟದ ಮೇಜಿನ ತನಕ ಬಂದರೂ ನನ್ನ ಮಾತಿನಲ್ಲಿ "ಅವರು" ಆಗಿಯೇ ಉಳಿದಿದ್ದರು, ಈ ಬರಹದಲ್ಲೂ ಹಾಗೆಯೇ ಬರೆದುಕೊಂಡು ಬಂದಿದ್ದೇನೆ. ಮಗಳಿಗೂ ಇಂಥದ್ದೇ ತೊಡಕು. ಒಂದು ದಿನ, "ನಾನು ಏನೆಂದು ಕರೆಯಲಿ?" ಎಂದಳು. ಈಗ ಕರೆಯುವಂತೆಯೇ ಕರೆ ಎಂದೆ. ಅವಳಿಗೆ ಅವರು ಅಂಕಲ್ಲೇ.

ಇನ್ನು ಕೇಕಿನ ವಿಷಯ. 300 ಗ್ರಾಂ ಬಾದಾಮಿ ಹಿಟ್ಟು, 30 ಗ್ರಾಂ ತೆಂಗಿನ ಹಿಟ್ಟು, 12 ಗ್ರಾಂ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 150 ಗ್ರಾಂ ಬೆಣ್ಣೆ, ಆರು ಮೊಟ್ಟೆ, 120 ಗ್ರಾಂ ಗಟ್ಟಿ ಮೊಸರು, 160 ಗ್ರಾಂ ಬೆರಕೆಯ ಸಿಹಿ, ಎರಡು ನಿಂಬೆಯ ಸಿಪ್ಪೆಯ ತುರಿ. 20 ಸೆಂಟಿಮೀಟರ್ ಅಗಲದ ಎರಡು ಪಾತ್ರೆಗಳಿಗೆ ಹಂಚಿ, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂವತ್ತೈದು ನಲವತ್ತು ನಿಮಿಷ ಬೇಯಿಸಿದೆ. ಬಾದಾಮಿ ಬೇಗ ಕಂದುತ್ತದಾದ್ದರಿಂದ ಶಾಖ ಇದಕ್ಕಿಂತ ಹೆಚ್ಚಿರಬಾರದು. ಕ್ರೀಮ್ ಚೀಸ್‌ನ ಲೇಪವನ್ನೂ ಸೇರಿಸಿ ಹದಿನಾಲ್ಕರಿಂದ ಭಾಗಿಸಿದರೆ, ನಾರು ಮತ್ತು ಬದಲಿ ಸಿಹಿಯನ್ನು ಬಿಟ್ಟು, ಒಂದು ತುಂಡಿಗೆ ಬರುವ ಕಾರ್ಬೋಹೈಡ್ರೇಟ್ ನಾಲ್ಕೈದು ಗ್ರಾಂ. ಮೈದಾ, ಸಕ್ಕರೆಗಳ ಕೇಕನ್ನು ಹೋಲುವಂತೆ ಮಾಡುವ ಪ್ರಯತ್ನವನ್ನು ನಾನು ಎಂದೋ ಬಿಟ್ಟಿದ್ದೇನೆ. ಇದು ತುಸು ಭಾರ, ಹೆಚ್ಚು ತೇವ, ಬಾಯಲ್ಲಿ ಬಾದಾಮಿಯ ತರಿ ಸಿಗುತ್ತದೆ, ನಿಂಬೆ ಚೆನ್ನಾಗಿ ಮುಂದೆ ಬರುತ್ತದೆ. ಅದನ್ನು ಮರೆಮಾಚಲು ಹೋದಾಗಲೇ ಸಪ್ಪೆಯಾಗುವುದು.

ಗ್ಲೂಟನ್ ಇಲ್ಲದ ಕೇಕನ್ನು ಪಾತ್ರೆಯಲ್ಲೇ ಪೂರ್ತಿ ಆರಲು ಬಿಡಬೇಕು, ಆರುವಾಗಲೇ ಅದು ಗಟ್ಟಿಯಾಗುವುದು. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂದು ಮಾತ್ರ ಬಾಗಿಲ ಗಂಟೆ, ಫೋನು, ನಾಯಿ ಎಲ್ಲವೂ ಒಟ್ಟಿಗೆ ಕೂಗಿದ ಗಡಿಬಿಡಿಯಲ್ಲಿ ಬಿಸಿಯಿದ್ದಾಗಲೇ ಒಂದನ್ನು ಕವುಚಿದೆ. ಮೂರನೆಯ ಒಂದು ಭಾಗ ಮುರಿದು ಬಿತ್ತು. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಅವರು ಒಳಗೆ ಬಂದು ನೋಡಿ, "ಕೆಳಗಿನ ಪದರಕ್ಕೆ ಹಾಕಿದರೆ ಕಾಣುವುದಿಲ್ಲ" ಎಂದು ಹೇಳಿ ನಾಯಿಯನ್ನು ಹೊರಗೆ ಕರೆದುಕೊಂಡು ಹೋದರು. ಹಾಗೆಯೇ ಮಾಡಿದೆ. ಒಡೆದದ್ದನ್ನು ಲೇಪದಿಂದ ಅಂಟಿಸಿ ಕೆಳಗಿಟ್ಟೆ, ಹೊರಗಿನ ಲೇಪವನ್ನು ಹರಳುಗಟ್ಟದಿರಲೆಂದು ಬೆಳಗ್ಗೆ ಎದ್ದು ಹಚ್ಚಿದೆ.

ಮದುವೆ ಎಂದರೆ ನೋಂದಣಿ ಅಧಿಕಾರಿಯ ಮುಂದೆ ಹತ್ತು ನಿಮಿಷ. ನನ್ನ ಮಗಳು, ಅವರ ಮಗ ಸಾಕ್ಷಿ ಹಾಕಿದರು. ಉಡುಗೊರೆ ಬೇಡವೆಂದು ಮೊದಲೇ ಎಲ್ಲರಿಗೂ ಹೇಳಿದ್ದೆವು, ಏಕೆಂದರೆ ಎರಡು ಸಂಸಾರಗಳ ಸಾಮಾನು ಒಂದಾದ ಮನೆಯಲ್ಲಿ ಎರಡು ಇಸ್ತ್ರಿಪೆಟ್ಟಿಗೆ, ಎರಡು ಮಿಕ್ಸರ್, ಲೆಕ್ಕವಿಲ್ಲದಷ್ಟು ಸೌಟುಗಳು ಆಗಲೇ ಇದ್ದವು. ಓವನ್ ಅವರದು ಉಳಿಯಿತು, ತಕ್ಕಡಿ ನನ್ನದು. ಊಟವಾದ ಮೇಲೆ ಕೇಕನ್ನು ಕೊಯ್ದೆವು, ಹದಿನಾಲ್ಕೂ ಖರ್ಚಾದವು. ಎರಡು ಗಂಟೆ ಬಿಟ್ಟು, ಯಾರಿಗೂ ಕಾಣದಂತೆ ಒಳಕೋಣೆಯಲ್ಲಿ ಇಬ್ಬರೂ ಬೆರಳು ಚುಚ್ಚಿ ನೋಡಿಕೊಂಡೆವು. ನನ್ನ ಸಕ್ಕರೆ 132, ಅವರದು 141, ಇಬ್ಬರದೂ ಮಿತಿಯೊಳಗೇ.

ಮಗಳು ಊರಿಗೆ ಹೋಗಿ ಮೂರು ದಿನವಾದ ಮೇಲೆ ಫೋನು ಮಾಡಿದಳು. ಆ ಮಾತು ಈ ಮಾತು ಆದ ಮೇಲೆ, ಅಂಕಲ್ ಎಲ್ಲಿ ಎಂದು ಕೇಳಿದಳು. ನಾನು ಬ್ರೆಡ್ಡಿಗೆ ಹೊಟ್ಟು ತೂಗುತ್ತಿದ್ದೆ, ಕಣ್ಣು ತಕ್ಕಡಿಯ ಮೇಲಿತ್ತು.

"ಇವರು ನಾಯಿ ಕರೆದುಕೊಂಡು ಹೋಗಿದ್ದಾರೆ, ಬರುವ ಹೊತ್ತಾಯಿತು" ಎಂದೆ.

ಆ ಕಡೆ ಅವಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ, ಬ್ರೆಡ್ಡಿಗೆ ಈ ಸಲ ಎಷ್ಟು ಗ್ರಾಂ ಹಾಕುತ್ತಿದ್ದೀ ಎಂದು ಕೇಳಿದಳು.