200 ಹೆಸರುಗಳು

ತಂಗಿಯ ಮದುವೆಗೆ ಬರುವ ಪ್ರತಿಯೊಬ್ಬರಿಗೂ ನನ್ನ ಕೈಬರಹದಲ್ಲೇ ಒಂದೊಂದು ಚೀಟಿ ಬರೆದುಕೊಡುತ್ತೇನೆಂದು ಹುಮ್ಮಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದೆ. ನಿನ್ನೆ ಕುಳಿತು ಲೆಕ್ಕ ಹಾಕಿದೆ: ಒಂದಕ್ಕೆ 3 ನಿಮಿಷವೆಂದರೂ 200 ಚೀಟಿಗಳಿಗೆ 10 ಗಂಟೆ. ಅದೂ ತಪ್ಪಿಲ್ಲದೆ ಬರೆದರೆ. ಮೊದಲ 12 ಚೀಟಿಗಳನ್ನು ಹೊಳಪಿನ ಕಾಗದದ ಮೇಲೆ ಬರೆದು, ಜೆಲ್ ಪೆನ್ನಿನ ಶಾಯಿ ಒಣಗುವ ಮುನ್ನವೇ ಒಂದರ ಮೇಲೊಂದು ಪೇರಿಸಿಟ್ಟೆ. ಬೆಳಿಗ್ಗೆ ನೋಡಿದರೆ ಒಬ್ಬರ ಹೆಸರು ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡಿತ್ತು. (ಮದುವೆ ಮನೆಯೆಂದರೆ ಹೀಗೇ ಇರಬೇಕೇನೋ.)

ಹಾಗಾಗಿ ಯೋಜನೆ ಕುಗ್ಗಿದೆ. ಮದುವೆಯ ದಿನಕ್ಕೆ ಮುದ್ರಿತ ಚೀಟಿಗಳೇ ಸಾಕು. ಕೈಬರಹವೆಲ್ಲ ಬ್ರೈಡಲ್ ಶವರ್‌ಗೆ, ಅಂದರೆ ಮದುವೆಗೆ ಮುನ್ನ ವಧುವಿಗಾಗಿ ಆಪ್ತರು ಸೇರುವ ಪುಟ್ಟ ಕೂಟಕ್ಕೆ. ಅಲ್ಲಿ ಬರುವವರು 15 ಜನ. ಒಬ್ಬೊಬ್ಬರ ಹೆಸರಿನ ಕೆಳಗೂ ಅವರಿಗೂ ತಂಗಿಗೂ ಮಾತ್ರ ಅರ್ಥವಾಗುವ ಒಂದು ಸಾಲು ಬರೆಯಬೇಕೆಂದಿದ್ದೇನೆ. ಅದಕ್ಕಾಗಿ ಅವಳನ್ನೇ ಉಪಾಯವಾಗಿ ಮಾತಿಗೆಳೆಯುತ್ತಿದ್ದೇನೆ. ಶಾಲೆಯ ಗೆಳತಿಯ ಬಗ್ಗೆ ಕೇಳಿದಾಗ, ಒಂದೇ ಛತ್ರಿಯಡಿ ನಡೆದು ಇಬ್ಬರೂ ಅರ್ಧರ್ಧ ನೆನೆದ ಕಥೆ ಹೊರಬಂತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದರೂ ನನಗೆ ಅದು ತಿಳಿದಿರಲಿಲ್ಲ.

ವಧೂವರರ ಹೆಸರು ಮುದ್ರಿಸಿದ ಕಪ್‌ಗಳನ್ನು ಹಂಚೋಣವೆಂದು ಮನೆಯಲ್ಲಿ ಒಬ್ಬರು ಸೂಚಿಸಿದರು. ನಾನು ಬೇಡವೆಂದೆ. ಬೇರೆಯವರ ಹೆಸರಿರುವ ಕಪ್ ಸಾಮಾನ್ಯವಾಗಿ ಪೆನ್ನುಗಳ ಮನೆಯಾಗುತ್ತದೆ.

ನಾಲ್ಕು ಚೀಟಿಗಳು ಮುಗಿದಿವೆ. ಐದನೆಯದು ಅವಳ ಅತ್ತೆಯಾಗಲಿರುವವರಿಗೆ. ಒಂದು ಗಂಟೆಯಿಂದ ಅದು ಖಾಲಿಯೇ ಇದೆ.